ಸೀಮೆ ದಾಟದ ನಿಯಮ

"ಕಾಕೂ, ಇದ ಕಡೀ ಟ್ರಿಪ್ ನೋಡ್ರಿ. ಇನ್ನ ಒಂದ ತಾಸಿಗೆ ರಸ್ತಾ ಮುಚ್ಚತೈತಿ," ಎಂದು, ಓಣಿಯವರನ್ನು ಸಾಗಿಸುತ್ತಿದ್ದ ಜೋತಿಬಾ ಟ್ರ್ಯಾಕ್ಟರ್ ಮೇಲಿಂದಲೇ ಮೂರನೇ ಸಲ ಕೂಗಿದ. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಿದ್ದ ರತ್ನಮಾಲಾಬಾಯಿ ಅಲುಗಲಿಲ್ಲ. ಸುಳಕೂಡದ ಕೆಳಗಿನ ಓಣಿಗೆ ದೂಧಗಂಗೆ ಬೆಳಿಗ್ಗೆಯೇ ನುಗ್ಗಿದ್ದಳು. ಈಗ ಅವರ ಮನೆಯ ಮೊದಲ ಮೆಟ್ಟಿಲ ಮೇಲೆ ನೀರಿತ್ತು.

ಸೊಸೆ ವೃಷಾಲಿಯ ತಯಾರಿಯಲ್ಲಿ ಕೊರತೆ ಹುಡುಕುವಂತಿರಲಿಲ್ಲ. ಕಬನೂರಿನಿಂದ ಮದುವೆಯಾಗಿ ಬಂದ ವರ್ಷವೇ ಮಹಾಪೂರ ಕಂಡವಳು. ಅಂದಿನಿಂದ ಮೃಗಶಿರೆಯ ಮಿರಗ ಮಳೆ ಹಿಡಿಯಿತೆಂದರೆ ನೀಲಿ ಬ್ಯಾರಲ್ ಒಂದು ಸಿದ್ಧ: ಹೊಲದ ಕಾಗದ, ಆಧಾರ್ ಕಾರ್ಡು, ಬ್ಯಾಟರಿ, ಅವಲಕ್ಕಿ, ಅತ್ತೆಯ ಬಿಪಿ ಗುಳಿಗೆ, ಅತ್ತೆಗೆ ಕುಡಿಯುವ ನೀರು ಸೋಸಲು ಬಿಳಿ ಬಟ್ಟೆ ಕೂಡ. ಗಂಡ ಸ್ವಪ್ನಿಲ ನಿನ್ನೆಯೇ ಎಮ್ಮೆಗಳನ್ನು ಮುರಗೂಡದ ಕಡೆ ಹೊಡೆದುಕೊಂಡು ಹೋಗಿದ್ದ. ಗ್ಯಾಸ್ ಸಿಲಿಂಡರ್ ತೇಲಿಹೋಗದಂತೆ ಕಂಬಕ್ಕೆ ಬಿಗಿದಾಗಿತ್ತು. ಎಲ್ಲಾ ನೆನಪಿಟ್ಟ ಆ ಜಾಣೆ ಅತ್ತೆಯ ನಿಯಮ ಒಂದನ್ನೇ ಮರೆತಿದ್ದಳು.

ಹತ್ತು ದಿನದ ಹಿಂದೆ, ಬಸದಿಯಲ್ಲಿ ಒಂದು ದಿನ ತಂಗಿ ಮುಂದಿನೂರಿಗೆ ಹೊರಟಿದ್ದ ಜೈನ ಸನ್ಯಾಸಿನಿ ಮಾತಾಜಿಯವರ ಎದುರು ರತ್ನಮಾಲಾಬಾಯಿ ನಿಯಮ ತೆಗೆದುಕೊಂಡಿದ್ದರು: ಚಾತುರ್ಮಾಸ ಮುಗಿಯುವ ತನಕ, ನಾಲ್ಕು ತಿಂಗಳು, ಊರ ಸೀಮೆ ದಾಟುವುದಿಲ್ಲ. ಸೇರಿದವರೆಲ್ಲ ಜೈಕಾರ ಹಾಕಿದ್ದರು. ವೃಷಾಲಿಯೂ ಹಾಕಿದ್ದಳು. ನದಿ ಊರೊಳಗೆ ಬರುವುದೂ ಇದೇ ನಾಲ್ಕು ತಿಂಗಳಲ್ಲಿ ಎಂಬುದು ಅಂದು ಒಬ್ಬ ಪುಣ್ಯಾತ್ಮನಿಗಾದರೂ ನೆನಪಾಗಬೇಕಲ್ಲ! ಈಗ ಅಧಿಕಾರಿಗಳು ಊರನ್ನೇ ಖಾಲಿ ಮಾಡಲು ಹೇಳಿದ್ದರು. ಉಳಿದುಕೊಳ್ಳಲು ಕೊಟ್ಟ ಶಾಲೆ ಸೀಮೆಯಾಚೆ, ದಿನ್ನೆಯ ಮೇಲಿತ್ತು.

"ಅತ್ತ್ಯಾರ, ಜೀವಕ್ಕಿಂತ ನಿಯಮ ದೊಡ್ಡದೇನ್ರಿ?"

"ನನಗ ದೊಡ್ಡದು. ನೀ ಹೋಗ. ನಾ ಅಟ್ಟ ಹತ್ತಿ ಕುಂಡರತೇನಿ."

"ಅಟ್ಟಕ್ಕೂ ನೀರ ಬಂದ್ರ?"

"ಬರಲಿ. ಎಪ್ಪತ್ತ ದಾಟ್ಯಾವ ನನಗ." ಆಮೇಲೆ ಅವರ ದನಿ ಇಳಿಯಿತು. "ಎರಡ ಸಲ ಪೂರ ಬಂತು, ಎರಡೂ ಸಲ ನನ್ನ ಚಾತುರ್ಮಾಸ ಕೆಟ್ಟ ಹೋತು. ಆ ಶಾಲ್ಯಾಗ ಸೋಸಲಾರದ ನೀರ ಕುಡದೆ, ಹೊತ್ತ ಮುಣಗಿದ ಮ್ಯಾಲ ಉಂಡೆ. ಸಾಯೂದರಾಗ ಒಂದರ ನಿಯಮ ಪೂರಾ ಮಾಡಬೇಕಂತ ಭಾಳ ಆಸೆ ಐತಿ ಮಗಳ. ಇದನ್ನರ ಉಳಿಸಿಕೊಳ್ಳಾಕ ಬಿಡ."

ವೃಷಾಲಿ ಅತ್ತೆಯ ಮುಖ ನೋಡಿದಳು. ಈ ಮುದುಕಿಯನ್ನು ಬಿಟ್ಟು ಹೋಗುವುದೆಂದರೇನು? ಮದುವೆಯ ಹೊಸತರಲ್ಲಿ ತನಗೆ ಟೈಫಾಯಿಡ್ ಬಂದಾಗ ತವರಿಗೂ ಕಳಿಸದೆ, ಹದಿನೈದು ದಿನ ತಲೆದೆಸೆಯಲ್ಲಿ ಕುಳಿತು ಗಂಜಿ ಕುಡಿಸಿದ ಕೈಗಳವು. ವೃಷಾಲಿ ಬ್ಯಾರಲ್ ಅನ್ನು ಜೋತಿಬಾನ ಕೈಗೆ ದಾಟಿಸಿದಳು. ಮರಳಿ ಬಂದು ಹೊಸ್ತಿಲೊಳಗೆ ಕುಳಿತು, ತಲೆಯ ಮೇಲೆ ಸೆರಗು ಹೊದ್ದು, ಕೈಮುಗಿದು, ಗಟ್ಟಿಯಾಗಿ ಣಮೋಕಾರ ಮಂತ್ರ ಹೇಳಿದಳು.

"ಅತ್ತ್ಯಾರನ್ನ ಬಿಟ್ಟ ನಾ ಈ ಹೊಸ್ತಲ ದಾಟೂದಿಲ್ಲ. ಇದು ನನ್ನ ನಿಯಮ," ಎಂದಳು.

"ಏ ಹುಚ್ಚಿ! ನಿಯಮ ಅಂದ್ರ ಹುಡುಗಾಟ ಅಂತ ತಿಳದೀ ಏನ? ವಾಪಸ್ ತಗೊ!"

"ಒಮ್ಮೆ ತಗೊಂಡ ಮ್ಯಾಲ ವಾಪಸ್ ತಗೊಳ್ಳಾಕ ಬರೂದಿಲ್ಲಂತ ನೀವ ಕಲಿಸೀರಲ್ರಿ."

ಜೋತಿಬಾ ಹಣೆ ಬಡಿದುಕೊಂಡ. "ಛಲೋ ಆತು! ಅತ್ತಿ ಸೀಮಿ ದಾಟೂದಿಲ್ಲ, ಸೊಸಿ ಹೊಸ್ತಲ ದಾಟೂದಿಲ್ಲ. ನಡುವ ನಾ ಏನ ಪಾಪ ಮಾಡೇನ್ರಿ, ನೀರಾಗ ನಿಂದ್ರಾಕ?"

ನೀರು ಎರಡನೇ ಮೆಟ್ಟಿಲಿಗೆ ಬಂತು. ರತ್ನಮಾಲಾಬಾಯಿ ನೀರನ್ನು ನೋಡಿದರು, ಸೊಸೆಯನ್ನು ನೋಡಿದರು. ಹೆದರಿಕೆಯಿಂದ ಹುಡುಗಿಯ ತುಟಿ ನಡುಗುತ್ತಿತ್ತು. ಆದರೂ ಕುಳಿತಲ್ಲಿಂದ ಅವಳು ಒಂದಿಂಚು ಸರಿಯಲಿಲ್ಲ. ಮುದುಕಿ ಮಂಡಿ ಹಿಡಿದುಕೊಂಡು ಎದ್ದರು. "ಏಳ, ಕೈ ಹಿಡಿ. ಮೆಟ್ಟಲ ಜಾರತಾವ," ಎಂದಷ್ಟೇ ಅಂದರು.

ಟ್ರಾಲಿಯಲ್ಲಿ ಇಬ್ಬರೂ ಬ್ಯಾರಲ್‌ಗೆ ಒರಗಿ ಕುಳಿತರು. ರಸ್ತೆ ಎಲ್ಲಿದೆಯೋ ತಿಳಿಯದಷ್ಟು ನೀರು. ಜೋತಿಬಾ ಎರಡೂ ಬದಿಯ ಗಿಡಗಳನ್ನು ನೋಡಿಕೊಂಡು ಮೆಲ್ಲಗೆ ಹೊಡೆಯುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ ರತ್ನಮಾಲಾಬಾಯಿ ಕೇಳಿದರು: "ಜೋತಿಬಾ, ಸೀಮಿ ಬಂತೇನೋ?"

"ಇಲ್ರಿ ಕಾಕೂ, ಇನ್ನೂ ಭಾಳ ದೂರ ಐತ್ರಿ."

ದಿನ್ನೆ ಹತ್ತುವಾಗಲೂ ಅವನದು ಅದೇ ಉತ್ತರ. ಶಾಲೆಯ ಅಂಗಳದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿದ ಮೇಲೂ, "ಇದೂ ನಮ್ಮ ಸೀಮಿನ ಅಂತ ತಿಳೀರಿ," ಎಂದ.

ವೃಷಾಲಿ ಮೊದಲು ಇಳಿದು ಅತ್ತೆಗೆ ಕೈ ಕೊಟ್ಟಳು. ಅತ್ತೆಯ ಕಣ್ಣು ಒದ್ದೆಯಾಗಿದ್ದು ಕಂಡು ಅವಳಿಗೂ ಅಳು ತಡೆಯಲಾಗಲಿಲ್ಲ. "ತಪ್ಪಾತ್ರಿ ಅತ್ತ್ಯಾರ. ನನ್ನ ಸಲುವಾಗಿ ನಿಮ್ಮ ನಿಯಮ..."

"ಜೋತಿಬಾಗ ಸುಳ್ಳ ಹೇಳಾಕ ಬರೂದಿಲ್ಲ," ಎಂದರು ರತ್ನಮಾಲಾಬಾಯಿ. "ಐವತ್ತ ವರ್ಷ ಈ ದಾರ್ಯಾಗ ತಿರಗೇನಿ, ನನಗ ಗೊತ್ತಾಗೂದಿಲ್ಲೇನ? ಆ ಪಂಪಹೌಸ್ ಹಂತ್ಯಾಕ ಸೀಮಿ ದಾಟತು. ಕೈ ಮುಗದ ನಿಯಮ ಮುರದೇನಿ." ತಮ್ಮ ಸೆರಗಿನಿಂದ ಸೊಸೆಯ ಕೆನ್ನೆ ಒರೆಸಿದರು. "ಅಳಬ್ಯಾಡ. ನಿಂದ ಉಳೀತಲ್ಲ. ಈ ಸಲ ನಮ್ಮ ಮನ್ಯಾಗ ಒಂದರ ನಿಯಮ ಪೂರಾ ಆತು."