ಬಾಯಿ ಮುಚ್ಚದ ಬಿಸ್ಕತ್ತು

ಹೋದ ವಾರ ಬಿಸ್ಕತ್ ಕಾರ್ಖಾನೆಯಲ್ಲಿ ಹನ್ನೊಂದು ಮಂದಿ ಹೆಂಗಸರನ್ನು ಊಟಕ್ಕೂ ಬಿಡದೆ ದುಡಿಸಿದರು. ಅಂಗಡಿಯಲ್ಲಿ ನೀಲವ್ವ ಕೈಗೆತ್ತಿಕೊಂಡ ಕೂಡಲೇ ಬಿಸ್ಕತ್ತಿನ ಪೊಟ್ಟಣವೇ ಅದನ್ನು ಹೇಳಿತು. ಕಾರ್ಮಿಕರ ದಂಗೆಯ ನಂತರ ಬಂದ ಕಾನೂನಿನಂತೆ ಮಾರುವ ವಸ್ತುಗಳೆಲ್ಲ ತಮ್ಮ ಹುಟ್ಟಿನ ಕತೆ ಹೇಳಲೇಬೇಕು.

“ಬ್ಯಾರೆ ಏನೂ ಇಲ್ಲೇನು, ಚನಬಸಣ್ಣ?”

“ಚಕ್ಕುಲಿ ಐತೆವ್ವ. ಆದ್ರ ಅದು ಬರೇ ಅಳತೈತಿ,” ಎಂದ ಅಂಗಡಿಯವನು.

ಮನೆಯಲ್ಲಿ ಮಗಳನ್ನು ನೋಡಲು ಬಂದವರು ಚಹಾ ಹಿಡಿದು ಕೂತಿದ್ದರು. ನೀಲವ್ವ ಅಂಗಡಿಯಲ್ಲೇ ಪೊಟ್ಟಣಕ್ಕೆ ಕೈಮುಗಿದಳು. “ಗಂಡಿನ ಕಡೆಯವರ ಮುಂದ ಒಂದು ತಾಸು ಬಾಯಿ ಮುಚ್ಕೊಂಡಿರಪ್ಪಾ.”

“ದಂಗೆಯಾಗ ಹತ್ತೊಂಬತ್ತು ದಿನ ನಮ್ಮ ಕಾರ್ಖಾನಿ ಗೇಟಿನ ಮುಂದ ಕುಂತು, ಯಾರೂ ಬಾಯಿ ಮುಚ್ಚಬ್ಯಾಡ್ರಿ ಅಂತ ಒದರಿದಾಕಿ ನೀನ ಅಲ್ಲೇನವ್ವ?” ಎಂದಿತು ಪೊಟ್ಟಣ. “ನಾ ಮುಚ್ಚೂದಿಲ್ಲ.”