ಹರಳೆಣ್ಣೆ ಹಚ್ಚಿದ ತಲೆ

ಕಲಿಸುವ ಹಣೆಪಟ್ಟಿ ಕಟ್ಟಿಕೊಂಡು ಮಕ್ಕಳು ಮಲಗಿದರೆ ಬೆಳಗಾಗುವಷ್ಟರಲ್ಲಿ ಪಾಠ ತಲೆಗೆ ಇಳಿದಿರುತ್ತಿತ್ತು. ಹಾಗಾಗಿ ವಿಶಾಲಾಕ್ಷಿ ಮಿಸ್‌ಗೆ ಶಾಲೆಯಲ್ಲಿ ಉಳಿದಿದ್ದ ಕೆಲಸವೆಂದರೆ ಮಕ್ಕಳನ್ನು ಪ್ರಶ್ನೆ ಕೇಳುವುದು, ಅಷ್ಟೇ. ಇವತ್ತು ಭಾಗಾಕಾರ. ಎಲ್ಲರೂ ಪಟಪಟನೆ ಉತ್ತರ ಹೇಳಿದರು. ಸಿಂಚನಾ ಮಾತ್ರ ತಲೆ ತಗ್ಗಿಸಿ ನಿಂತಳು.

“ಅಜ್ಜಿ ತಲೆಗೆ ಹರಳೆಣ್ಣೆ ಹಚ್ಬಿಟ್ರು ಮಿಸ್. ರಾತ್ರಿಯೆಲ್ಲ ಪಟ್ಟಿ ಜಾರ್ತಾನೇ ಇತ್ತು,” ಎಂದು ಅಳತೊಡಗಿದಳು.

ಮಿಸ್ ಪಾಠ ಮಾಡಿ ವರ್ಷಗಳೇ ಆಗಿದ್ದವು; ಹೇಗೆ ಶುರು ಮಾಡಬೇಕೆಂಬುದೇ ಮರೆತಂತಿತ್ತು. ಕೊನೆಗೆ ಅಂಗಳದ ಮರದಡಿಯಿಂದ ಒಂದು ಮಡಿಲು ಹೊಂಗೆಕಾಯಿ ಆರಿಸಿ ತಂದು ನೆಲದ ಮೇಲೆ ಸುರಿದರು.

“ಅಳ್ಬೇಡ ಬಾ. ಮೂರು ಜನಕ್ಕೆ ಸಮನಾಗಿ ಹಂಚು, ನೋಡೋಣ.”

ಸಿಂಚನಾ ಮೂಗೊರೆಸಿಕೊಂಡು ಹಂಚಿದಳು. ಎರಡು ಕಾಯಿ ಕೈಯಲ್ಲೇ ಉಳಿದವು. “ಇವನ್ನ ಯಾರಿಗೂ ಕೊಡಕ್ಕಾಗಲ್ಲ ಮಿಸ್!”

ಎಲ್ಲರಿಗಿಂತ ಮೊದಲು ಉತ್ತರ ಹೇಳಿದ್ದ ಪ್ರಣವ ಎದ್ದು ಬಂದು ಬಗ್ಗಿ ನೋಡಿದ. “ಓ, ಶೇಷ ಅಂದ್ರೆ ಇದಾ?”

ಮಿಸ್ ಅಲ್ಲೇ ನೆಲದ ಮೇಲೆ ಕುಳಿತು, ನಿಟ್ಟುಸಿರು ಬಿಟ್ಟು ನಕ್ಕರು. ಪಾಠ ಮಾಡುವುದು ಮರೆತಿರಲಿಲ್ಲ.

ಮರುದಿನ ಮಿಸ್ ಬಾಗಿಲು ದಾಟುವಾಗಲೇ ಹರಳೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ತರಗತಿಯ ಅಷ್ಟೂ ತಲೆಗಳು ಮಿರಮಿರನೆ ಮಿಂಚುತ್ತಿದ್ದವು.