ವಾರೆ ಶಾಟ್

ಬಳ್ಳಾರಿಯ ಸಭಾಭವನದಲ್ಲಿ ಹೊನ್ನೂರಪ್ಪನಿಗೆ ಶಾಲು ಹೊದಿಸುವುದನ್ನು ಚಿತ್ರೀಕರಿಸಲು ಗಾದಿಲಿಂಗನನ್ನೇ ಗೊತ್ತು ಮಾಡಿದ್ದರು. ಸಿರುಗುಪ್ಪದಲ್ಲಿ ಇಬ್ಬರದೂ ಎದುರುಬದುರು ಸ್ಟುಡಿಯೊ, ಇಬ್ಬರೂ ಇಪ್ಪತ್ತು ವರ್ಷ ಮದುವೆ ವಿಡಿಯೊ ತೆಗೆದವರೇ. ಈಗ ಹೊನ್ನೂರಪ್ಪನ ಕಿರುಚಿತ್ರಕ್ಕೆ ಬಹುಮಾನ ಬಂದಿತ್ತು. ಗಾದಿಲಿಂಗ ಅವನ ಕಡೆ ನೋಡದೆಯೇ ಕ್ಯಾಮೆರಾವನ್ನು ಟ್ರೈಪಾಡಿಗೆ ಬಿಗಿದ.

ಎಲ್ಲರೂ ಹೊಗಳಿದ್ದು ಆ ಚಿತ್ರದಲ್ಲಿ ಕ್ಯಾಮೆರಾ ವಾಲಿಸಿ ತೆಗೆದ ಒಂದು ವಾರೆ ಶಾಟನ್ನು. ಕೆಲಸ ಹೋದ ಲೈನ್‌ಮನ್ ಮನೆಗೆ ಬರುತ್ತಾನೆ. ಬಾಗಿಲು, ಗೋಡೆ, ಹೆಂಡತಿ ಎಲ್ಲ ಒಂದು ಕಡೆ ವಾಲಿ ಕಾಣುತ್ತವೆ. ನೂರು ವರ್ಷದ ಹಿಂದೆ, ಯುದ್ಧದಲ್ಲಿ ಸೋತು ಕಂಗೆಟ್ಟ ಜರ್ಮನಿಯಲ್ಲಿ ಇದನ್ನು ರೂಢಿಗೆ ತಂದರಂತೆ. ಹೊನ್ನೂರಪ್ಪ ಮೈಕಿನ ಮುಂದೆ ಅದನ್ನೆಲ್ಲ ಹೇಳಿ, "ವಾರಿ ಆಗಿದ್ದು ಮನಿ ಅಲ್ರಿ, ನೋಡಾವನ ಮನಸು," ಎಂದ.

ಜನ ಚಪ್ಪಾಳೆ ತಟ್ಟಿದರು. ಗಾದಿಲಿಂಗನ ಹೆಂಡತಿ ಜಯಶ್ರೀಯೂ ತಟ್ಟಿದಳು. ಗಂಡನ ವಿಡಿಯೊಗಳನ್ನೆಲ್ಲ ಎಡಿಟ್ ಮಾಡುವವಳು ಅವಳೇ. ಅವನ ಒಂದು ಶಾಟಿಗೂ ಅವಳು ಇವತ್ತಿನವರೆಗೆ ಭೇಷ್ ಅಂದಿರಲಿಲ್ಲ.

ಸಿರುಗುಪ್ಪ ಬರುವ ತನಕ ಬಸ್ಸಿನಲ್ಲಿ ಗಾದಿಲಿಂಗನದು ಒಂದೇ ಗೊಣಗಾಟ. ಟ್ರೈಪಾಡಿನ ಒಂದು ಕಾಲು ಗಿಡ್ಡ ಮಾಡಿದರೆ ಅಂಥ ಶಾಟನ್ನು ಯಾರು ಬೇಕಾದರೂ ತೆಗೆಯಬಹುದು. ತಾನು ಮಾತ್ರ ಯಾರ ಮದುವೆ ಮಂಟಪವನ್ನೂ ವಾಲಿಸಿದವನಲ್ಲ. ಅದಂತೂ ಸುಳ್ಳಲ್ಲ. ಜಯಶ್ರೀ ಕಿಟಕಿಯ ಕಡೆ ನೋಡುತ್ತಾ ಹೂಂಗುಟ್ಟಿದಳು.

ಮರುದಿನ ಅವಳು ಕಂಪ್ಯೂಟರಿನ ಮುಂದೆ ಕುಳಿತಳು. ದೀಪ ಹಚ್ಚಿದ್ದು ನೆಟ್ಟಗಿತ್ತು. ಅತಿಥಿಗಳ ಭಾಷಣವೂ ನೆಟ್ಟಗಿತ್ತು. ಸನ್ಮಾನವನ್ನು ಹತ್ತಿರದಿಂದ ತೆಗೆಯಲೆಂದು ಅವನು ಕ್ಯಾಮೆರಾವನ್ನು ಟ್ರೈಪಾಡಿನಿಂದ ಕೈಗೆತ್ತಿಕೊಂಡಿದ್ದ. ಅಲ್ಲಿಂದಾಚೆಗೆ ಹೊನ್ನೂರಪ್ಪ, ಶಾಲು, ಹಿಂದಿನ ಬ್ಯಾನರು ಎಲ್ಲವೂ ಎಡಕ್ಕೆ ವಾಲಿದ್ದವು.

"ಸ್ಟೇಜು ವಾರಿ ಇತ್ತು," ಎಂದ ಗಾದಿಲಿಂಗ.

ಅದೇ ಸ್ಟೇಜಿನ ಮೇಲೆ ಅತಿಥಿಗಳು ನೆಟ್ಟಗೆ ನಿಂತಿದ್ದನ್ನು ಇಬ್ಬರೂ ಈಗಷ್ಟೇ ನೋಡಿದ್ದರು. "ಹಿಂಗ ಬಿಡ್ಲೋ, ನೆಟ್ಟಗ ಮಾಡ್ಲೋ?" ಎಂದು ಕೇಳಿದಳು ಜಯಶ್ರೀ.

"ನೆಟ್ಟಗ ಮಾಡು."

ವಾಲಿದ ಚಿತ್ರವನ್ನು ತಿರುಗಿಸಿದರೆ ಪರದೆಯ ಮೂಲೆಗಳು ಖಾಲಿ ಬೀಳುತ್ತವೆ; ಅವನ್ನು ಮುಚ್ಚಲು ಚಿತ್ರವನ್ನೇ ಹಿಗ್ಗಿಸಬೇಕು. ಅವಳು ಸ್ವಲ್ಪ ತಿರುಗಿಸಿದಳು, ಸ್ವಲ್ಪ ಹಿಗ್ಗಿಸಿದಳು. ಮತ್ತೆ ತಿರುಗಿಸಿದಳು, ಮತ್ತೆ ಹಿಗ್ಗಿಸಿದಳು. ಒಂದೊಂದು ಸಲಕ್ಕೂ ಹೊನ್ನೂರಪ್ಪನ ನಗುಮುಖ ದೊಡ್ಡದಾಗುತ್ತಾ ಬಂತು.

"ಸಾಕು," ಎಂದ ಗಾದಿಲಿಂಗ.

"ಇನ್ನೂ ವಾರಿ ಐತಿ," ಎಂದಳು ಜಯಶ್ರೀ.